ಮೂರು ಸಲ ಒಂದೇ ಕೋನ

ಒಂದು ಹನಿ ನೀರು ಗಾಜಿನ ಮೇಲೆ ಎಷ್ಟು ಡಿಗ್ರಿ ಕೋನದಲ್ಲಿ ಕೂರುತ್ತದೆ ಎಂದು ಅಳೆಯುವುದು ಹನಿಯಣ್ಣನ ಕೆಲಸ. ಅವನಿಗೊಂದು ಸ್ವಂತ ಹೆಸರೂ ಇತ್ತು; ಪ್ರಯೋಗಾಲಯದಲ್ಲಿ ಯಾರಿಗೂ ನೆನಪಿರಲಿಲ್ಲ. ತಾಪತ್ರಯವೆಂದರೆ, ಸೋಮವಾರ ನಲವತ್ತಕ್ಕೆ ಕೂತ ಹನಿ ಮಂಗಳವಾರ ಅರವತ್ತಕ್ಕೆ ಕೂರುತ್ತಿತ್ತು.

“ಸಂಜೆಯೊಳಗೆ ಮೂರು ಸಲ ಒಂದೇ ಕೋನ ತೋರಿಸು,” ಎಂದು ಮುಖ್ಯಸ್ಥರು ಬೆಳಿಗ್ಗೆಯೇ ಗುಡುಗಿದರು. “ನಿನ್ನ ವರ್ಗಾವಣೆ ಅರ್ಜಿ ನನ್ನ ಮೇಜಿನ ಮೇಲೇ ಇದೆ, ನೆನಪಿರಲಿ!”

ಹನಿಯಣ್ಣ ಮರೆಯುವುದುಂಟೇ? ಹೆಂಡತಿ ದೂರದೂರಿನ ಶಾಲೆಯಲ್ಲಿ ಟೀಚರು; ಅವನು ವರ್ಗ ಕೇಳಿದ್ದೂ ಆ ಊರಿಗೇ. ಅವಳಿಲ್ಲದ ಮನೆಯಲ್ಲಿ ಒದ್ದೆ ಟವೆಲನ್ನು ಮಂಚದ ಮೇಲೆ ಎಸೆದರೂ ಬೈಯುವವರಿರಲಿಲ್ಲ. ಹನ್ನೊಂದು ತಿಂಗಳಿಂದ ಅವನು ಬೇಕೆಂದೇ ಎಸೆಯುತ್ತಿದ್ದ.

ಮೊದಲ ಹನಿ ಐವತ್ತಕ್ಕೆ ಕೂತಿತು. ನೀರಿನ ಬಾಟಲಿ ತರಲು ಅವನು ಅತ್ತ ಹೋದಾಗ ಪಕ್ಕದ ಗುಮಾಸ್ತ ತನ್ನ ಬಿಸಿ ಕಾಫಿ ಲೋಟವನ್ನು ಅದೇ ಗಾಜಿನ ಮೇಲೆ ಇಟ್ಟ. ಎರಡನೆಯ ಹನಿ, ಊಟವಾದ ಮಾವನಂತೆ, ಉದ್ದಕ್ಕೆ ಕಾಲು ಚಾಚಿ ಮಲಗಿಬಿಟ್ಟಿತು.

“ಕಾಫಿ ಇಡೋಕೆ ಇದೇ ಜಾಗ ಸಿಕ್ತೇನಯ್ಯಾ?”

“ಚಪ್ಪಟೆಯಾಗಿ ಚೆನ್ನಾಗಿತ್ತಲ್ಲ ಅಂತ ಇಟ್ಟೆ. ನನ್ನ ಮೇಲೆ ಯಾಕೆ ಹಾರ್ತೀಯ?”

ಇದನ್ನು ಕೇಳಿ ಕಸ ಗುಡಿಸುವ ಅಮ್ಮನಿಗೆ ಕನಿಕರ ಉಕ್ಕಿತು. “ಕಾದಿದ್ರೆ ತಣ್ಣಗೆ ಮಾಡಿದ್ರಾಯ್ತಪ್ಪ,” ಎಂದು ಗಾಜನ್ನು ಒಯ್ದು ಫ್ರಿಜ್ಜಿನೊಳಗೆ ಇಟ್ಟೇಬಿಟ್ಟಳು. ಹೊರತೆಗೆದ ಗಾಜಿನ ಮೇಲೆ ಮೂರನೆಯ ಹನಿ ಅತ್ತೆಯ ಹೆಜ್ಜೆ ಸದ್ದು ಕೇಳಿದ ಸೊಸೆಯಂತೆ ಸೆಟೆದು ಕೂತಿತು.

ಹನಿಯಣ್ಣ ತಲೆ ಮೇಲೆ ಕೈಹೊತ್ತ. ಹೊತ್ತ ಕೈ ಹಾಗೇ ನಿಂತಿತು. ಅದೇ ನೀರು, ಅದೇ ಗಾಜು. ನೀರಿಗೂ ಗಾಜಿಗೂ ಬಿಸಿಯಲ್ಲಿ ಹೊಂದಿಕೆಯಿಲ್ಲದಿದ್ದರೆ ಹನಿಯಾದರೂ ನೆಟ್ಟಗೆ ಹೇಗೆ ಕೂತೀತು? ಎರಡೂ ಒಂದೇ ಕಡೆ ಇರಬೇಕು.

ಬಾಟಲಿಯನ್ನೂ ಗಾಜನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು, ಯಾರೂ ಮುಟ್ಟದಂತೆ ಅದರ ಮುಂದೆ ಎರಡು ಗಂಟೆ ಕಾವಲು ಕೂತ. ಆಮೇಲೆ ಅಳೆದ. ಐವತ್ತೆರಡು. ಐವತ್ತೆರಡು. ಐವತ್ತೆರಡು!

ಲೆಕ್ಕದ ಹಾಳೆ ಹಿಡಿದು ಮುಖ್ಯಸ್ಥರ ಕೋಣೆಗೆ ಓಡಿದ. ಅವರು ಓದಿದರು, ಎದ್ದರು, ಅವನನ್ನು ಬಾಚಿ ತಬ್ಬಿಕೊಂಡರು.

“ಎಂಥಾ ತಲೆಯಯ್ಯಾ ನಿಂದು! ನಾನು ಎಂಥಾ ತಪ್ಪು ಮಾಡ್ತಿದ್ದೆ ನೋಡು. ಇವನು ಕೆಲಸಕ್ಕೆ ಬಾರದೋನು, ಹೋದ್ರೆ ಹೋಗ್ಲಿ ಅಂತ ಮಧ್ಯಾಹ್ನವೇ ಸಹಿ ಹಾಕಿಬಿಟ್ಟಿದ್ದೆ.” ವರ್ಗಾವಣೆ ಕಾಗದವನ್ನು ನಾಲ್ಕು ಚೂರು ಮಾಡಿ ಬುಟ್ಟಿಗೆ ಹಾಕಿದರು. “ನಿನ್ನಂಥೋನನ್ನ ಯಾರಾದ್ರೂ ಕಳಿಸ್ತಾರಾ?”

ಹನಿಯಣ್ಣ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಹೆಂಡತಿಗೆ ಫೋನ್ ಮಾಡಿದ. ನಡೆದದ್ದನ್ನೆಲ್ಲ ಹೇಳಿದ.

“ಇಷ್ಟು ವರ್ಷ ಇದ್ರಲ್ಲ,” ಎಂದಳು ಅವಳು, ಮೂಗೇರಿಸುತ್ತಾ, “ಇನ್ನೊಂದೇ ಒಂದು ದಿನ ದಡ್ಡರಾಗಿ ಇರೋಕಾಗ್ಲಿಲ್ವೇನ್ರೀ?”