ಎಲ್ಲಿಗೆ ಅಂತ ಕೇಳುವ ಕಾರು

ಹೊಸ ಯಂತ್ರ ಬಂದರೆ ಬೇರೆಯವರ ಮನೆಯಲ್ಲಿ ಅದು ಕೆಲಸ ಮಾಡುತ್ತದೆ, ನಮ್ಮ ಮನೆಯಲ್ಲಿ ಸಂಸಾರ ಮಾಡುತ್ತದೆ. ಮಿಕ್ಸಿ ಬಂದಾಗಲೂ ಹಾಗೇ ಆಯಿತು, ವಾಷಿಂಗ್ ಮೆಷಿನ್ ಬಂದಾಗಲೂ ಹಾಗೇ ಆಯಿತು. ಆದರೆ ಹೊಸಮನೆ ಬಡಾವಣೆಯ ನಮ್ಮ ಬಾಗಿಲಿಗೆ ಕಾರು ಬಂತಲ್ಲ, ಅದು ಸಂಸಾರದ ಯಜಮಾನಿಕೆಯನ್ನೇ ಕೇಳಿತು.

ಟಚ್ ಸ್ಕ್ರೀನ್ ಅನ್ನುವ ಮಾತು ಶಿವಮೊಗ್ಗಕ್ಕೆ ಆಗಿನ್ನೂ ಹೊಸದು. ಹಾಡು ಹಾಡುವ, ಫೋನು ಎತ್ತುವ, ದಾರಿಯನ್ನೂ ತೋರಿಸುವ ಪರದೆಯಿದ್ದ ಕಾರನ್ನೇ ನಮ್ಮ ಯಜಮಾನರು ಹಟ ಹಿಡಿದು ತಂದರು. ಕಾರಣ ಅವರ ತಮ್ಮ, ಅಂದರೆ ನನ್ನ ಮೈದುನ. ಅವನಿಗೆ ಹೆಣ್ಣು ನೋಡಿ ನೋಡಿ ನಮಗೆಲ್ಲ ಕೇಸರಿಬಾತು ಕಂಡರೆ ಆಗದ ಹಾಗಾಗಿತ್ತು. ಮದುವೆ ದಲ್ಲಾಳಿ, "ಹುಡುಗ ಬಸ್ಸಿಂದ ಇಳ್ದು ನಡ್ಕೊಂಡು ಬಂದ್ರೆ ಹುಡುಗಿ ಅಡುಗೆಮನೆಯಿಂದ ಆಚೆಗೇ ಬರಲ್ಲ ಸ್ವಾಮಿ" ಅಂದಿದ್ದ.

ನಿಜವಾದ ತೊಂದರೆ ಬಸ್ಸಿನದಲ್ಲ, ನಮ್ಮ ಅತ್ತೆಯದು. ಯಾವ ಮನೆಗೆ ಹೋದರೂ ತಿಂಡಿ ತಿಂದು, ಹುಡುಗಿ ನೋಡಿ, "ಮನೆಗೆ ಹೋಗಿ ತಿಳಿಸ್ತೀವಿ" ಅಂತ ಎದ್ದುಬಿಡುವರು. ದಾರಿಯಲ್ಲಿ ಬೆಕ್ಕು ಅಡ್ಡ ಬರುತ್ತಿತ್ತು, ಇಲ್ಲವೇ ಯಾರಾದರೂ ಸೀನುತ್ತಿದ್ದರು. ಮನೆ ಮುಟ್ಟುವಷ್ಟರಲ್ಲಿ ಸಂಬಂಧ ಮುರಿದು ಬೀಳುತ್ತಿತ್ತು. ಮೈದುನ ಬಾಯಿಬಿಟ್ಟು ಏನೂ ಹೇಳುವವನಲ್ಲ. ಉಗುರು ಕಚ್ಚುತ್ತಿದ್ದ. ಕಾರು ಬರುವ ಹೊತ್ತಿಗೆ ಕಚ್ಚಲು ಉಗುರೂ ಉಳಿದಿರಲಿಲ್ಲ.

ನನ್ನದೂ ಕೂತಲ್ಲಿ ಕೂರುವ ಜಾಯಮಾನವಲ್ಲ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು, ಉತ್ತರ ಬರುವ ತನಕ ಕಾಲು ಕುಣಿಯುತ್ತಲೇ ಇರುತ್ತದೆ. ಈ ಹುಡುಗನಿಗೆ ಮದುವೆಯಾಗದೆ ನನಗೆ ನೆಮ್ಮದಿಯಿಲ್ಲ ಅಂತ ಆಗಿಹೋಗಿತ್ತು.

ಪೂಜೆ

ಕಾರಿನ ಪೂಜೆಗೆ ಪುರೋಹಿತರು ಬಂದರು. ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಬಾನೆಟ್ಟಿಗೆ ಹಾರ ಹಾಕಿ, ಒಳಗೆ ಬಗ್ಗಿ ನೋಡಿದರು. ಪರದೆ ಮಿನುಗುತ್ತಿತ್ತು. ಇದೇ ಕಾರಿನ ಮುಖ್ಯಸ್ಥಾನ ಅಂತ ಅವರಿಗೆ ಅನಿಸಿರಬೇಕು. ಗಂಧದಲ್ಲಿ ಬೆರಳದ್ದಿ ಅದರ ಮೇಲೆ ದೊಡ್ಡದಾಗಿ ಓಂಕಾರ ಬರೆಯತೊಡಗಿದರು.

ಓಂಕಾರದ ಮೊದಲ ಸುತ್ತಿಗೆ ನಕ್ಷೆ ಮಾಯವಾಯಿತು. ಎರಡನೆಯ ಸುತ್ತಿಗೆ ರೇಡಿಯೋ ಶುರುವಾಯಿತು. ಮೇಲಿನ ಚುಕ್ಕೆ ಇಡುವಾಗ ಬೆರಳು ಎಲ್ಲಿ ಬಿತ್ತೋ, ಬೀದಿಗೆಲ್ಲ ಕೇಳುವಂತೆ ಅಡಿಕೆ ಧಾರಣೆ ಮೊಳಗತೊಡಗಿತು. ಯಜಮಾನರು ಗಾಬರಿಯಿಂದ ಒಳಗೆ ನುಗ್ಗಿ ಗಂಧದ ಮೇಲೆ ಕಂಡಕಂಡಲ್ಲಿ ಒತ್ತಿದರು. ಕಡೆಗೆ ಹೇಗೋ ದನಿ ತಗ್ಗಿತು.

ಪುರೋಹಿತರು ಅವರ ಕೈ ಹಿಡಿದುಕೊಂಡರು. "ತಡೀರಿ ತಡೀರಿ. ಬೆಟ್ಟೆ ಅಡಿಕೆ ಎಷ್ಟಕ್ಕೆ ಹೋಯ್ತು ಕೇಳಿಸ್ಕೊಂಡುಬಿಡೋಣ, ಮಂತ್ರ ಎಲ್ಲಿಗೂ ಓಡ್ಹೋಗಲ್ಲ."

ಪ್ರಶ್ನೆ

ಮೊದಲ ಪ್ರಯಾಣ ಮಲವಗೊಪ್ಪಕ್ಕೆ, ನೆಂಟರ ಮನೆಯ ನಾಮಕರಣಕ್ಕೆ. ಯಜಮಾನರು ಸ್ಟೀರಿಂಗ್ ಹಿಡಿದರು, ಕಾರಿನ ಜೊತೆ ಬಂದ ಪುಸ್ತಕ ಓದಿದ್ದ ತಪ್ಪಿಗೆ ಪರದೆಯ ಉಸ್ತುವಾರಿ ನನ್ನ ಪಾಲಿಗೆ ಬಂತು. ಹಿಂದೆ ಅತ್ತೆ, ಮೈದುನ. ಕೀಲಿ ತಿರುಗಿಸಿದ್ದೇ ತಡ, ಒಳಗಿಂದ ಒಬ್ಬ ಹೆಂಗಸು ಇಂಗ್ಲಿಷಿನಲ್ಲಿ ಮಾತಾಡಿದಳು.

"ಏನಂತೆ ಅವ್ಳಿಗೆ?" ಅಂದರು ಅತ್ತೆ.

"ಎಲ್ಲಿಗೆ ಹೋಗ್ಬೇಕು ಅಂತ ಕೇಳ್ತಿದೆ ಅತ್ತೆ," ಅಂದೆ ನಾನು, ಯೋಚನೆ ಮಾಡದೆ.

ಹಿಂದಿನ ಬಾಗಿಲು ತೆರೆದ ಸದ್ದಾಯಿತು. ಅತ್ತೆ ಇಳಿದು ಮನೆಯೊಳಗೆ ನಡೆದುಬಿಟ್ಟರು.

ಹೊರಟವರನ್ನು ಎಲ್ಲಿಗೆ ಅಂತ ಕೇಳಬಾರದು. ಕೇಳಿದರೆ ಹೋದ ಕೆಲಸ ಕೆಟ್ಟಿತು ಅಂತಲೇ ಲೆಕ್ಕ. ತೀರಾ ತಿಳಿಯಲೇಬೇಕಿದ್ದರೆ "ದೂರ ಹೊರಟ್ರಾ?" ಅನ್ನಬೇಕು. ನಮ್ಮ ಬೀದಿಯ ಮಕ್ಕಳಿಗೂ ಇದು ಗೊತ್ತು, ಕಾರಿಗೆ ಗೊತ್ತಿರಲಿಲ್ಲ. ಅತ್ತೆ ಕಾಲು ತೊಳೆದು, ದೇವರ ಮುಂದೆ ಕೂತು, ನೀರು ಕುಡಿದು, ದೋಷ ಕಳೆದುಕೊಂಡು ಬಂದರು. ಯಜಮಾನರು ಮತ್ತೆ ಕೀಲಿ ತಿರುಗಿಸಿದರು. ಅವಳು ಮತ್ತೆ ಕೇಳಿದಳು. ಅತ್ತೆ ಮತ್ತೆ ಇಳಿದರು.

"ಅದನ್ನ ಆಫ್ ಮಾಡ್ಬಾರ್ದಾ?" ಅಂದೆ.

"ಟಾಪ್ ಮಾಡೆಲ್ ತಂದಿದ್ದು ಬಾಯಿ ಮುಚ್ಚಿಸಕ್ಕಾ ಮಾರಾಯ್ತಿ?" ಅಂದರು ಯಜಮಾನರು.

ಹೀಗೆ ಎಷ್ಟು ಸಲ ಆಯಿತೋ, ನಾನು ಕಾರಿನಿಂದ ಗೇಟಿಗೂ ಗೇಟಿನಿಂದ ಕಾರಿಗೂ ಓಡಾಡಿ ಸೀರೆಯ ನೆರಿಗೆ ಕಳೆದುಕೊಂಡೆ. ಮಲವಗೊಪ್ಪ ತಲುಪಿದಾಗ ಅಲ್ಲಿ ಹೆಸರಿಟ್ಟು, ಊಟ ಮುಗಿಸಿ, ಶಾಮಿಯಾನ ಬಿಚ್ಚುತ್ತಿದ್ದರು. ಮಗುವಿಗೆ ಏನು ಹೆಸರು ಇಟ್ಟರು ಅಂತ ಕೇಳಿದರೆ ಶಾಮಿಯಾನದವನು, "ಗೊತ್ತಿಲ್ಲಮ್ಮ, ಪಾಯಸ ಮಾತ್ರ ಚೆನ್ನಾಗಿತ್ತು" ಅಂದ.

ಉತ್ತರ

ಅವತ್ತು ರಾತ್ರಿಯ ಊಟಕ್ಕೆ ಕೂತಾಗ ನನಗೆ ಉಪಾಯ ಹೊಳೆಯಿತು. ಅವಳು ಬಾಯಿ ತೆರೆಯುವ ಮೊದಲೇ ಉತ್ತರ ಕೊಟ್ಟುಬಿಟ್ಟರೆ ಕೇಳುವುದಿಲ್ಲವಲ್ಲ. ಪರದೆಯ ಮೂಲೆಯಲ್ಲಿ ಮನೆಯ ಚಿತ್ರದ ಒಂದು ಗುಂಡಿ ಇತ್ತು. ಅದನ್ನು ಒತ್ತಿ ಹಿಡಿದರೆ ಕಾರು ನಿಂತ ಜಾಗವೇ ಮನೆ ಅಂತ ದಾಖಲಾಗುತ್ತಿತ್ತು, ಹಾಗೆ ಹೊಸಮನೆಯ ನಮ್ಮ ಮನೆಯ ಜಾಗ ತುಂಬಿಸಿಟ್ಟೆ. ಕೀಲಿ ತಿರುಗಿಸಿದ ತಕ್ಷಣ ಅದನ್ನು ಒತ್ತಿದರೆ ಮುಗಿಯಿತು.

ಅತ್ತೆಗೆ ಇದು ತುಂಬ ಹಿಡಿಸಿತು. "ಮನೆಗೆ ಅಂತಲೇ ಹೇಳು. ಹೋದವ್ರು ಮನೆಗೇ ತಾನೆ ಬರ್ಬೇಕು?"

ಅಂದಿನಿಂದ ನಾವು ಎಲ್ಲಿಗೆ ಹೋದರೂ ಕಾರಿನ ಪ್ರಕಾರ ಮನೆಗೇ ಹೋಗುತ್ತಿದ್ದೆವು. ಸವಳಂಗ ರಸ್ತೆಯ ತುಂಬ ಅವಳದ್ದು ಒಂದೇ ವರಾತ, ಯೂ ಟರ್ನ್ ತಗೊಳ್ಳಿ, ಯೂ ಟರ್ನ್ ತಗೊಳ್ಳಿ ಅಂತ. ಒಂದು ಸಲವಂತೂ ಯಜಮಾನರು ಅವಳ ಮಾತು ಕೇಳಿ ಅಭ್ಯಾಸಬಲದಿಂದ ತಿರುಗಿಸಿಯೇಬಿಟ್ಟರು. ಆಸ್ಪತ್ರೆಯಲ್ಲಿದ್ದ ನೆಂಟರನ್ನು ನೋಡಲು ಹೊರಟವರು ಹಣ್ಣಿನ ಚೀಲದ ಸಮೇತ ನಮ್ಮ ಮನೆ ಮುಂದೆಯೇ ಬಂದಿಳಿದೆವು. ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು.

ಅತ್ತೆಗೆ ಮಾತ್ರ ಅವಳ ಮೇಲೆ ಮಮತೆ ಹುಟ್ಟಿತು. ಅವಳು ಕರೆದಾಗಲೆಲ್ಲ ಹಿಂದಿನ ಸೀಟಿನಿಂದ ಮುಂದೆ ಬಾಗಿ, "ಬರ್ತೀವಿ ಕಣವ್ವ, ಕೆಲಸ ಮುಗಿಸ್ಕೊಂಡು ಬಂದ್ಬಿಡ್ತೀವಿ" ಅನ್ನುವರು. ಆಮೇಲೆ ನನ್ನ ಕಡೆ ನೋಡಿ, "ನಾನು ತಂಗಿ ಮನೆಗೆ ಹೋಗಿ ತಿಂಗಳು ಕೂತ್ರೂ ನೀನು ಒಂದಿನ ಹಿಂಗೆ ಬಾ ಅಂತ ಕರೆದಿದ್ದುಂಟಾ?" ಅಂದರು.

ಫೋನು

ಭದ್ರಾವತಿಯ ಸಂಬಂಧ ಬಂದದ್ದು ಈ ನಡುವೆ. ಹುಡುಗಿಯ ತಂದೆ ಕಾರ್ಖಾನೆಯ ನೌಕರರು, ಕ್ವಾರ್ಟರ್ಸಿನಲ್ಲಿ ಮನೆ. ಮೈದುನ ಫೋಟೋ ನೋಡಿ ಮೂರು ದಿನ ಉಗುರು ಕಚ್ಚಲಿಲ್ಲ. ಅಂದರೆ ಅವನಿಗೆ ಒಪ್ಪಿಗೆ ಅಂತ ನನಗೆ ಗೊತ್ತಾಯಿತು. ಇದು ತಪ್ಪಿದರೆ ಇವನು ಸನ್ಯಾಸಿಯೇ ಅಂತಲೂ ಗೊತ್ತಾಯಿತು.

ಹೆಣ್ಣು ನೋಡಲು ಹೋಗುವ ಹಿಂದಿನ ದಿನ ಹೂವು ಹಣ್ಣು ತರಲು ಎಲ್ಲರೂ ಕಾರಿನಲ್ಲಿ ಹೊರಟಿದ್ದೆವು. ಯಜಮಾನರ ಫೋನು ಕಾರಿಗೆ ಜೋಡಿಸಿತ್ತು. ದಲ್ಲಾಳಿ ಫೋನು ಮಾಡಿದ. ಪರದೆ ತಾನೇ ಎತ್ತಿಕೊಂಡಿತು, ಅವನ ದನಿ ನಾಲ್ಕೂ ಬಾಗಿಲಿನಿಂದ ಬಂತು.

"ಸ್ವಾಮಿ, ನಾಳೆ ಒಂದು ಮಾತು. ಹುಡುಗ ಬಂಗಾರ, ಹುಡುಗಿ ಕಡೆಯವ್ರು ಒಳ್ಳೇವ್ರು. ನಿಮ್ಮ ತಾಯಿದೊಂದೇ ಪ್ರಾಬ್ಲಮ್ಮು. ಹೆಂಗಾದ್ರೂ ಮಾಡಿ ಅವ್ರನ್ನ ಮನೇಲಿ ಬಿಟ್ಟು ಬನ್ನಿ."

ಯಜಮಾನರು ಗುಂಡಿ ಹುಡುಕಿದರು. ಮೊದಲು ವೈಪರ್ ಓಡಿತು, ಆಮೇಲೆ ದನಿ ಇನ್ನೂ ಏರಿತು. ನಾನು ಪರದೆಗೆ ಸೆರಗು ಮುಚ್ಚಿದೆ, ಅದರಿಂದ ಏನಾಗುತ್ತದೆ ಅಂತ ಅಂದುಕೊಂಡಿದ್ದೆನೋ ತಿಳಿಯದು. ಮೈದುನ ಕಣ್ಣು ಮುಚ್ಚಿ ಕೂತುಬಿಟ್ಟ.

"ಹಲೋ, ಹಲೋ, ಲೈನಲ್ಲಿದ್ದೀರಾ ಸ್ವಾಮಿ? ಯಾರು ಮಾತಾಡ್ತಿರೋದು?"

ಅತ್ತೆ ನಿಧಾನವಾಗಿ ಮುಂದೆ ಬಾಗಿದರು. "ಪ್ರಾಬ್ಲಮ್ಮು ಮಾತಾಡ್ತಿರೋದು ಕಣಪ್ಪ. ನಾಳೆ ನಾನೂ ಬರ್ತೀನಿ."

ಮನೆಗೆ

ಮಾರನೇ ದಿನ ಭದ್ರಾವತಿಗೆ ಹೊರಟೆವು. ಕಾರಿನಲ್ಲಿ ಮಾತಾಡಿದ್ದು ಅವಳೊಬ್ಬಳೇ, ಹಿಂದಕ್ಕೆ ತಿರುಗಿ ಅಂತ. ನನಗೆ ಒಂದೇ ಯೋಚನೆ, ಇವತ್ತಾದರೂ ಬೆಕ್ಕುಗಳು ಮನೆಯಲ್ಲಿ ಮಲಗಿರಲಿ ಅಂತ. ಕಾರ್ಖಾನೆಯ ಕ್ವಾರ್ಟರ್ಸು ಹೊಕ್ಕ ಕೂಡಲೇ ನಕ್ಷೆಯೇ ಇಲ್ಲವಾಯಿತು. ಪರದೆಯೆಲ್ಲ ಬೋಳು, ನಡುವೆ ನಮ್ಮ ಬಾಣದ ಗುರುತೊಂದೇ. ಅವಳು ಬಾಯಿ ಮುಚ್ಚಿಕೊಂಡಳು. ನಾವು ದಾರಿಯಲ್ಲಿ ಸಿಕ್ಕವರನ್ನೆಲ್ಲ ಕೇಳಿ ಮನೆ ಹುಡುಕಿದೆವು.

ಹುಡುಗಿ ಫೋಟೋಗಿಂತ ಚೆನ್ನಾಗಿದ್ದಳು, ತಲೆ ಎತ್ತಿ ಮಾತಾಡಿದಳು. ಅವಳ ತಂದೆ ಒಳ್ಳೆಯ ಮನುಷ್ಯರು, ಪಕ್ಕದ ಮನೆಗಳಿಂದ ಕುರ್ಚಿ ತಂದು ಹಾಕಿದ್ದರು. ಹುಡುಗ ಹುಡುಗಿ ಎರಡು ಮಾತಾಡಲಿ ಅಂದರೆ ಆ ಪುಟ್ಟ ಮನೆಯಲ್ಲಿ ಜಾಗವೇ ಇರಲಿಲ್ಲ. "ಕಾರಲ್ಲೇ ಕೂತ್ಕೊಂಡು ಮಾತಾಡ್ಲಿ ಬಿಡಿ," ಅಂದರು ಅವರೇ. ಇಬ್ಬರೂ ಮುಂದಿನ ಸೀಟಿನಲ್ಲಿ ಕೂತರು. ಪಕ್ಕದ ಮನೆಯ ತಮಿಳು ಅಜ್ಜಿಯೊಬ್ಬರು ಕಾವಲಿಗೆ ಕಾರಿನ ಪಕ್ಕವೇ ಸ್ಟೂಲು ಹಾಕಿಕೊಂಡರು. ನಾನು ಕಿಟಕಿಯಿಂದ ನೋಡುತ್ತಲೇ ಇದ್ದೆ. ನಮ್ಮ ಮೈದುನ ನಗುತ್ತಿದ್ದ. ಅವನ ಹಲ್ಲನ್ನು ನಾನು ಅಷ್ಟು ಸರಿಯಾಗಿ ಕಂಡದ್ದು ಅವತ್ತೇ. ನನಗೆ ಕಣ್ಣು ತುಂಬಿ ಬಂತು.

ಆಮೇಲೆ ಅತ್ತೆ ಎದ್ದರು. ಸೆರಗು ಸರಿಮಾಡಿಕೊಂಡು, "ಮನೆಗೆ ಹೋಗಿ ತಿಳಿಸ್ತೀವಿ" ಅಂದರು.

ಹುಡುಗಿಯ ತಂದೆಯ ಮುಖ ಸಣ್ಣದಾಯಿತು. ಆ ಮಾತಿನ ಅರ್ಥ ಹೆಣ್ಣು ಹೆತ್ತವರಿಗೆಲ್ಲ ಗೊತ್ತು. ಮೈದುನ ಕಾರಿನಲ್ಲಿ ಕೂತವನೇ ಬೆರಳು ಬಾಯಿಗಿಟ್ಟ.

ಕೀಲಿ ತಿರುಗಿಸಿದಾಗ ನಾನು ಎಂದಿನಂತೆ ಮನೆಯ ಗುಂಡಿ ಒತ್ತಿದೆ. ಕ್ವಾರ್ಟರ್ಸು ದಾಟುವ ಮುಂಚೆಯೇ ಅತ್ತೆ ಶುರುಮಾಡಿದರು. "ನಾವು ಹೊರಡುವಾಗ ಆ ತಮಿಳಜ್ಜಿ ಸೀನಿದ್ಳು, ಕೇಳಿಸ್ತಾ?" ನನಗೆ ಇಳಿದು ನಡೆದುಹೋಗೋಣ ಅನ್ನುವಷ್ಟು ಸಿಟ್ಟು ಬಂದಿತ್ತು.

ಹೆದ್ದಾರಿಗೆ ಬಂದದ್ದೇ ನಕ್ಷೆ ಮೂಡಿತು, ಅವಳೂ ಬಾಯಿ ತೆರೆದಳು. ಯೂ ಟರ್ನ್ ತಗೊಳ್ಳಿ. ಸ್ವಲ್ಪ ದೂರ ಹೋದ ಮೇಲೆ ಮತ್ತೆ, ಯೂ ಟರ್ನ್ ತಗೊಳ್ಳಿ. ಮಲವಗೊಪ್ಪದ ಹತ್ತಿರ ಬಂದರೂ ಬಿಡಲಿಲ್ಲ.

"ನಿಲ್ಸೋ ಗಾಡಿ," ಅಂದರು ಅತ್ತೆ. "ಇಷ್ಟು ದಿನ ಮನೆಗೆ ಬನ್ನಿ ಅಂತಿದ್ದೋಳು, ಇವತ್ತು ಮನೆ ಕಡೆಗೇ ಹೊರಟಿದ್ರೂ ಯಾಕೆ ಹಿಂದಕ್ಕೆ ಕರೀತಾಳೆ?"

ನಾನು ಪರದೆ ನೋಡಿದೆ. ಮನೆಯ ಪುಟ್ಟ ಚಿತ್ರ ಹೊಸಮನೆಯಲ್ಲಿ ಇರಲಿಲ್ಲ. "ಅತ್ತೆ, ಇದ್ರ ಪ್ರಕಾರ ನಮ್ಮ ಮನೆ ಈಗ ಭದ್ರಾವತೀಲಿದೆ. ನಾವು ಈಗ ಬಿಟ್ಟು ಬಂದ್ವಲ್ಲ, ಅದೇ ಮನೆ."

ಎಲ್ಲರೂ ಮೈದುನನನ್ನು ನೋಡಿದೆವು. ಅವನು ಬಾಯಿಂದ ಬೆರಳು ತೆಗೆದ. "ಆ ಹುಡುಗಿ... ಗಡಿಯಾರ ತಪ್ಪಾಗಿದೆ, ಸರಿ ಮಾಡ್ತೀನಿ ಅಂತ ಏನೋ ಒತ್ತಿದ್ಲು ಅಮ್ಮ. ಗೊತ್ತಿಲ್ದೆ ಆಗಿರ್ಬೇಕು."

ನಾನು ಗಡಿಯಾರ ನೋಡಿದೆ. ಅದು ಮೊದಲಿನ ಹಾಗೆ ತಪ್ಪಾಗಿಯೇ ಇತ್ತು. ಆ ಮೂಲೆಗೆ ಕೈ ಅಡ್ಡ ಇಟ್ಟೆ.

ಅತ್ತೆ ಮುಂದೆ ಬಾಗಿ ಪರದೆಯನ್ನೇ ನೋಡಿದರು. ಕಾರಿನವಳು ಮತ್ತೊಂದು ಸಲ ಕರೆದಳು. "ತಿರುಗಿಸು," ಅಂದರು ಅತ್ತೆ. "ಇಷ್ಟು ಕರೆದ್ಮೇಲೂ ಹೋಗ್ದಿದ್ರೆ ಚೆನ್ನಾಗಿರಲ್ಲ."

ನಾವು ಮತ್ತೆ ಹೋದಾಗ ಹುಡುಗಿಯ ತಂದೆ ಎರವಲು ತಂದ ಕುರ್ಚಿಗಳನ್ನು ಹೊತ್ತುಕೊಂಡು ಬೀದಿಯಲ್ಲಿ ನಿಂತಿದ್ದರು. ಬಾಗಿಲಲ್ಲಿ ಹುಡುಗಿ. ಅವರು ಗಾಬರಿಯಲ್ಲಿ ಕೇಳಬಾರದ್ದನ್ನೇ ಕೇಳಿಬಿಟ್ಟರು. "ಏನಮ್ಮ, ಎಲ್ಲಿಗೆ ಹೊರಟಿದ್ರಿ, ವಾಪಸ್ ಬಂದ್ಬಿಟ್ರಿ?"

ನಾವು ಮೂವರೂ ಅತ್ತೆಯ ಕಡೆ ತಿರುಗಿದೆವು. ಅತ್ತೆ ಅವರ ಕೈಯಿಂದ ಒಂದು ಕುರ್ಚಿ ಇಳಿಸಿಕೊಂಡು, ಬೀದಿಯಲ್ಲೇ ಹಾಕಿಕೊಂಡು ಕೂತರು.

"ಮನೆಗೇ ಹೊರಟಿದ್ವಿ, ಬಂದ್ವಿ. ಮನೆಗೆ ಹೋಗಿ ತಿಳಿಸ್ತೀವಿ ಅಂದಿದ್ನಲ್ಲ, ತಿಳಿಸ್ತಿದ್ದೀನಿ. ನಿಮ್ಮ ಹುಡುಗಿ ನಮಗೆ ಒಪ್ಪಿಗೆ."