ನ್ಯಾಪ್ಕಿನ್ ಕೆಳಗಿನ ವ್ಯಾಪಾರ

ಹಿಂದೂಪುರದ ‘ಗೋಲ್ಡನ್ ಟೇಬಲ್’ ಪಬ್ಬಿನಲ್ಲಿ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಬರೀ ಹಸಿವಾಗಿ ಬಂದವರಿಗೆ ಪ್ರವೇಶವಿಲ್ಲ. ಆ ಹೊತ್ತು ಬಿಸಿನೆಸ್ ಲಂಚಿಗೆ ಮೀಸಲು. ಊಟಕ್ಕೆ ಕೂರುವವರು ತಮ್ಮ ವ್ಯವಹಾರವೇನೆಂದು ನಿಗದಿತ ಫಾರಮ್ಮಿನಲ್ಲಿ ಬರೆಸತಕ್ಕದ್ದು. ವ್ಯವಹಾರ ಕುದುರಿತೆಂದು ಮ್ಯಾನೇಜರು ಸೀಲು ಒತ್ತಿದ ಮೇಲಷ್ಟೇ ಬಿರಿಯಾನಿ ಅಡುಗೆಮನೆಯಿಂದ ಹೊರಡತಕ್ಕದ್ದು. ಅಲ್ಲಿಯವರೆಗೆ ನೀರು ಮತ್ತು ತಲೆಗೆ ಎರಡು ಸೌತೆಕಾಯಿ ಹೋಳು. ದೊಡ್ಡವರ ಗುಟ್ಟು ಪಕ್ಕದ ಟೇಬಲ್ಲಿಗೆ ಕೇಳಬಾರದೆಂದು ಬೆಲೆಯನ್ನು ಬಾಯಲ್ಲಿ ಹೇಳುವುದನ್ನೂ ನಿಷೇಧಿಸಲಾಗಿತ್ತು. ಇದರಲ್ಲಿ ಯಾರಿಗೂ ಏನೂ ವಿಚಿತ್ರ ಕಂಡಿರಲಿಲ್ಲ. ಊರಿನ ಗಣ್ಯರು ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡು ಹೆಮ್ಮೆಯಿಂದ ಕಾಯುತ್ತಿದ್ದರು.

ಕಂಬದೂರಿನ ಕುರಿ ವ್ಯಾಪಾರಿ ಈರಲಿಂಗಪ್ಪ ಅಲ್ಲಿಗೆ ಹೋದದ್ದು ಮಗಳ ಮದುವೆಯ ಮಾತಿಗೆ. ಸ್ಪಂದನಳಿಗೆ ಇದು ಮೂರನೆಯ ಸಂಬಂಧ. ಮೊದಲಿನ ಎರಡೂ ವರದಕ್ಷಿಣೆಯಲ್ಲಿ ಮುರಿದಿದ್ದವು. ಇದೂ ಮುರಿದರೆ ಇನ್ನೊಂದು ಬರುವುದಿಲ್ಲವೆಂಬ ಭಯ ಅವನನ್ನು ತಿನ್ನುತ್ತಿತ್ತು. ಪಶು ಆಸ್ಪತ್ರೆಯಲ್ಲಿ ಕೆಲಸದಲ್ಲಿದ್ದ ಸ್ಪಂದನ ಬಸ್ಸಿನಲ್ಲೇ ಹೇಳಿದ್ದಳು: “ಅಪ್ಪಾ, ಅಲ್ಲಿ ಕೊಡೋ ತಗೊಳ್ಳೋ ಮಾತು ಬಂದ್ರೆ ನಾನು ಎದ್ದು ಹೋಯ್ತೀನಿ.”

“ಬರಲ್ಲ ಕಣಮ್ಮ. ದೊಡ್ಡ ಹೋಟ್ಲು ಅದು. ಅಂಥ ಮಾತು ಆಡಂಗಿಲ್ವಂತೆ.”

ಅದು ಅಕ್ಷರಶಃ ನಿಜವಾಗಿತ್ತು.

ಗಂಡಿನ ತಂದೆ ಜಯಚಂದ್ರ ಲೇಪಾಕ್ಷಿ ರಸ್ತೆಯಲ್ಲಿ ಸೈಟು ಮಾರುವವನು. ಮಗ ಹರಿಕೃಷ್ಣ ಆ ಸೈಟುಗಳನ್ನು ಕಾರಿನಲ್ಲಿ ತೋರಿಸುವವನು. ನಾಲ್ವರೂ ಕೂತ ಕೂಡಲೇ ಮ್ಯಾನೇಜರ್ ಅರುಣ್ ಕುಮಾರ್ ಫಾರಂ ಹಿಡಿದು ಬಂದ.

“ಬಿಸಿನೆಸ್ ಏಮಿಟಂಡಿ? ಏನು ವ್ಯವಹಾರ?”

“ಬಿಸಿನೆಸ್ ಅಲ್ಲಪ್ಪ, ಅವರ ಹುಡುಗನ್ನ ನಮ್ಮ ಹುಡುಗೀಗೆ...” ಎಂದ ಈರಲಿಂಗಪ್ಪ.

“ಅರ್ಥಮಯಿಂದಿ ಸಾರ್” ಎಂದು ಅರುಣ್ ಕುಮಾರ್ ಬರೆದುಕೊಂಡ. ವ್ಯವಹಾರ: ಖರೀದಿ. ಮಾರುವವರು: ಜಯಚಂದ್ರ. ಕೊಳ್ಳುವವರು: ಈರಲಿಂಗಪ್ಪ. ಸರಕು: ಒಂದು. “ಸರಕು ತಂದಿದೀರಾ?” ಎಂದು ಕೇಳಿದಾಗ ಹರಿಕೃಷ್ಣ ಕೈಯೆತ್ತಿದ.

ಜಯಚಂದ್ರ ಗಂಟಲು ಸರಿಮಾಡಿಕೊಂಡ. “ನಾವು ಕಟ್ನಂ ಗಿಟ್ನಂ, ವರದಕ್ಷಿಣೆ ಕೇಳೋ ಜನ ಅಲ್ಲ ಈರಲಿಂಗಪ್ಪನೋರೇ. ಬಾಯಲ್ಲಿ ಕೇಳಿದ್ರೆ ನಮ್ಮ ನಾಲಗೆ ಬಿದ್ದೋಗ್ಲಿ” ಎಂದವನೇ ನ್ಯಾಪ್ಕಿನ್ ಬಿಡಿಸಿ ಟೇಬಲ್ಲಿನ ಅಂಚಿಗೆ ಹಾಸಿ, ಅದರ ಕೆಳಗೆ ಕೈ ತೂರಿಸಿದ.

ಈರಲಿಂಗಪ್ಪನ ಕೈ ತಾನಾಗಿಯೇ ಅಲ್ಲಿಗೆ ಹೋಯಿತು. ಕಲ್ಯಾಣದುರ್ಗದ ಕುರಿ ಸಂತೆಯಲ್ಲಿ ಮೂವತ್ತು ವರ್ಷ ಟವೆಲ್ಲಿನ ಕೆಳಗೆ ಬೆರಳು ಹಿಡಿದೇ ಬೆಲೆ ಕಟ್ಟಿದ ಕೈ ಅದು. ಜಯಚಂದ್ರ ಐದೂ ಬೆರಳು ಹಿಡಿದ, ಬಿಟ್ಟು ಮತ್ತೆ ಎರಡು ಹಿಡಿದ. ಬೆರಳಿಗೊಂದು ಲಕ್ಷ, ಒಟ್ಟು ಏಳು. ಈರಲಿಂಗಪ್ಪ ಮೂರೇ ಬೆರಳು ಕೊಟ್ಟು ನಿಲ್ಲಿಸಿದ. ಮೇಲೆ ಇಬ್ಬರೂ ಈ ಸಲದ ಬಿಸಿಲಿನ ಬಗ್ಗೆ ಮಾತಾಡುತ್ತಿದ್ದರು. ನಿಯಮ ಎಲ್ಲಿಯೂ ಮುರಿದಿರಲಿಲ್ಲವಾದ್ದರಿಂದ ಅರುಣ್ ಕುಮಾರ್ ಸೀಲಿಗೆ ಶಾಯಿ ಹಚ್ಚಿಕೊಂಡು ಕಾದ.

ನ್ಯಾಪ್ಕಿನ್ ಮಿಸುಕಾಡುವುದನ್ನು ಸ್ಪಂದನ ನೋಡಿದಳು. ಅವಳೂ ಸಂತೆಯಲ್ಲೇ ಬೆಳೆದವಳು. ಈರಲಿಂಗಪ್ಪನಿಗೆ ಮಗಳ ಮುಖ ನೋಡಲು ನಾಚಿಕೆಯಾಯಿತು, ಆದರೂ ಕೈ ತೆಗೆಯಲಿಲ್ಲ. ನಾಲ್ಕನೆಯ ಬೆರಳನ್ನೂ ಕೊಟ್ಟ.

ಸ್ಪಂದನ ಎದ್ದು ಹೋಗಲಿಲ್ಲ. “ಅಪ್ಪಾ, ರೇಟು ಆಮೇಲೆ. ಹಲ್ಲು ನೋಡಿದ್ಯಾ?” ಎಂದಳು.

ಈರಲಿಂಗಪ್ಪ ಇನ್ನೊಂದು ಕೈಯಿಂದ ಹಣೆ ಚಚ್ಚಿಕೊಂಡ. ಹಲ್ಲು ನೋಡಿ ವಯಸ್ಸು ತಿಳಿಯದೆ ಅವನು ಒಂದು ಮರಿಗೂ ಬೆಲೆ ಕಟ್ಟಿದವನಲ್ಲ. “ಅಯ್ಯೋ, ಮರ್ತೇಬುಟ್ಟಿದ್ದೆ ಕಣಮ್ಮ!”

“ಏನ್ರೀ ಇದು ಅವಮಾನ?” ಎಂದು ಜಯಚಂದ್ರ ರೇಗಿದ. ಅರುಣ್ ಕುಮಾರ್ ಫಾರಮ್ಮಿನ ಹಿಂಬದಿ ಓದಿ ಹೇಳಿದ: “ಹನ್ನೊಂದನೇ ನಿಯಮ ಸಾರ್. ಸರಕನ್ನು ಪರಿಶೀಲಿಸುವ ಹಕ್ಕು ಕೊಳ್ಳುವವರಿಗೆ ಇರತಕ್ಕದ್ದು.”

ಜಯಚಂದ್ರ ನ್ಯಾಪ್ಕಿನ್ ಕಡೆ ನೋಡಿದ. ಅದರ ಕೆಳಗೆ ನಾಲ್ಕು ಬೆರಳು ಇನ್ನೂ ಅವನ ಕೈಯಲ್ಲೇ ಇದ್ದವು. “ತೆಗೀಲಾ ಬಾಯಿ” ಎಂದ.

ಹರಿಕೃಷ್ಣ ಬಾಯಿ ತೆರೆದ. ಅರುಣ್ ಕುಮಾರ್ ಗ್ರಾಹಕರ ಅನುಕೂಲಕ್ಕಾಗಿ ಮೊಬೈಲಿನ ಲೈಟು ಬಿಟ್ಟ. ಸ್ಪಂದನ ಆಸ್ಪತ್ರೆಯಲ್ಲಿ ನೋಡುವ ಹಾಗೆಯೇ ಎರಡೂ ಕಡೆ ನೋಡಿದಳು.

“ಗುಟ್ಕಾ ಕಲೆ. ಹಿಂದಿನ ಹಲ್ಲು ಸವೆದೋಗಿದೆ. ಇಪ್ಪತ್ತೇಳು ಅಂದ್ರಲ್ಲ, ಮೂವತ್ತಾರಕ್ಕೆ ಕಮ್ಮಿ ಇಲ್ಲ. ಸಂತೇಲಾಗಿದ್ರೆ ಇದನ್ನ ಮುಟ್ತಿದ್ಯಾ ಅಪ್ಪಾ?”

ಕಸುಬಿನ ವಿಷಯದಲ್ಲಿ ಈರಲಿಂಗಪ್ಪ ಸುಳ್ಳು ಹೇಳುವವನಲ್ಲ. “ಇಲ್ಲ ಕಣಮ್ಮ” ಎಂದು ಕೈಯನ್ನು ಹೊರಗೆಳೆದುಕೊಂಡ. ಬೆರಳು ನೋಯುತ್ತಿದ್ದವು, ಮನಸ್ಸು ಹಗುರಾಗಿತ್ತು.

“ಸಾರ್, ಕುದುರಲಿಲ್ಲ ಅಂತ ಬರೆಯೋಕೆ ಫಾರಮ್ಮಲ್ಲಿ ಜಾಗ ಇಲ್ಲ. ಬಿರಿಯಾನಿ ಬರಲ್ಲ” ಎಂದು ಅರುಣ್ ಕುಮಾರ್ ಮರುಗಿದ.

“ಬ್ಯಾಡ ಬುಡಪ್ಪ. ಬಸ್ ಸ್ಟಾಂಡ್ ತಾವ ಮುದ್ದೆ ಸಿಕ್ತದೆ. ಅಲ್ಲಿ ಹಸಿವಾಗಿದ್ರೆ ಸಾಕು” ಎಂದು ಈರಲಿಂಗಪ್ಪ ಮಗಳ ಜೊತೆ ಎದ್ದ.

ಬಾಗಿಲಲ್ಲಿ ತಿರುಗಿ ನೋಡಿದಾಗ ಆಡಳಿತ ಆಗಲೇ ಮುಂದಿನ ಕ್ರಮ ಕೈಗೊಂಡಿತ್ತು. ಫಾರಮ್ಮಿನಲ್ಲಿ ಕೊಳ್ಳುವವರ ಹೆಸರಷ್ಟನ್ನೇ ಹೊಡೆದುಹಾಕಿ, ಅಪ್ಪ ಮಗ ಇಬ್ಬರನ್ನೂ ಪಕ್ಕದ ಟೇಬಲ್ಲಿಗೆ ಕೂರಿಸಲಾಗಿತ್ತು. ಅಲ್ಲಿ ಸೋಮಂದೇಪಲ್ಲಿಯ ಆಂಜಿನಪ್ಪ ಮಗಳೊಂದಿಗೆ ಬೇರೊಬ್ಬ ಗಂಡಿಗಾಗಿ ಒಂದು ಗಂಟೆಯಿಂದ ಕಾಯುತ್ತ ಸೌತೆಕಾಯಿ ಮುಗಿಸಿದ್ದರು. ಜಯಚಂದ್ರ ಹೊಸ ನ್ಯಾಪ್ಕಿನ್ ಹಾಸಿದ. ಅರುಣ್ ಕುಮಾರ್ ಲೈಟು ಬಿಟ್ಟ. ಆಂಜಿನಪ್ಪ ಕನ್ನಡಕ ಒರೆಸಿ ಹಾಕಿಕೊಂಡರು. ಸುತ್ತಲಿನ ಗಣ್ಯರು ತಂತಮ್ಮ ನ್ಯಾಪ್ಕಿನ್ ಕೆಳಗೆ ಮಗ್ನರಾಗಿದ್ದರು. ಹರಿಕೃಷ್ಣ ಕುರ್ಚಿಯನ್ನು ಬೆಳಕಿನ ಕಡೆಗೆ ತಿರುಗಿಸಿಕೊಂಡು ಕೂತು, ಯಾರೂ ಹೇಳದೆಯೇ ಬಾಯಿ ತೆರೆದ.