ಗಾಳಿಯಪ್ಪನ ತಪ್ಪೊಪ್ಪಿಗೆ

ಕುರ್ಚಿಯ ಕಾಲು ಮುರಿದಾಗ ಗಾಳಿಯಪ್ಪನ ಹೆಂಡತಿ ಭೂಮಿಯಿಂದ ನಾನೂರು ಕಿಲೋಮೀಟರ್ ಮೇಲಿದ್ದಳು. ಅಷ್ಟು ದೂರ ಸಾಲದು ಅನ್ನಿಸಿತು ಅವನಿಗೆ. ತೀರಿಹೋದ ಮಾವ ಕೂರುತ್ತಿದ್ದ ಕುರ್ಚಿ ಅದು. ಅತ್ತೆ ದಿನಾ ಒರೆಸಿಡುತ್ತಿದ್ದರೇ ಹೊರತು ಯಾರನ್ನೂ ಕೂರಗೊಡುತ್ತಿರಲಿಲ್ಲ. ಬೆಳಿಗ್ಗೆ ಷೂ ಲೇಸು ಕಟ್ಟಲು ಅರೆಗಳಿಗೆ ಕೂತದ್ದೇ ತಪ್ಪಾಯಿತು. ಮುರಿದ ಕಾಲನ್ನು ಹೇಗೋ ಆನಿಸಿ ನಿಲ್ಲಿಸಿ ಕಳ್ಳನ ಹಾಗೆ ಡ್ಯೂಟಿಗೆ ಬಂದ.

ಗಾಳಿಯಪ್ಪ ಎಂಬುದು ನಿಯಂತ್ರಣ ಕೊಠಡಿಯವರು ಇಟ್ಟ ಹೆಸರು. ಅಲ್ಲಿ ಒಬ್ಬೊಬ್ಬರಿಗೆ ಒಂದು ಮೇಜು, ನಾಲ್ಕು ಪರದೆ, ಒಂದು ಹೆಡ್‌ಸೆಟ್. ಹೆಂಡತಿ ಇದ್ದ ಬಾಹ್ಯಾಕಾಶ ನೌಕೆಯೊಳಗಿನ ಗಾಳಿ ನೋಡಿಕೊಳ್ಳುವುದು ಇವನ ಪಾಲಿನ ಕೆಲಸ.

ಹತ್ತು ಗಂಟೆಗೆ, ಮನೆಯವರಿಗೆಂದೇ ಇದ್ದ ಪಕ್ಕದ ಕೋಣೆಯಿಂದ ನೌಕೆಗೆ ಕರೆ. ಮೊದಲು, ಅದಕ್ಕೆಂದೇ ಬಂದಿದ್ದ ಅತ್ತೆ ಮಾತಾಡಿದರು. ಇವನ ಸರದಿ ಬಂದಾಗ ಹೆಂಡತಿ, "ಹೂಂ. ಸರಿ. ಇಡ್ತೀನಿ" ಎಂದಳು. ಅತ್ತೆ ಕುರ್ಚಿಯ ವಿಷಯ ಹೇಳಿಬಿಟ್ಟಿದ್ದಾರೆ ಎಂದುಕೊಂಡು ಇವನು ತನ್ನ ಮೇಜಿಗೆ ಮರಳಿದ.

ಹನ್ನೊಂದಕ್ಕೆ ಪರದೆಯ ಮೇಲೆ ಇಂಗಾಲದ ಡೈಆಕ್ಸೈಡ್ ಮೆಲ್ಲಗೆ ಏರತೊಡಗಿತು. ನೌಕೆಯಲ್ಲಿ ಅವಳ ಜೊತೆಯವರಿಬ್ಬರೂ ನಿದ್ದೆಯಲ್ಲಿದ್ದರು. ಅಂದಮೇಲೆ ನಿಟ್ಟುಸಿರು ಬಿಡುತ್ತಿರುವವಳು ಅವಳೇ.

"ಎದೆಬಡಿತ ನೂರಮೂವತ್ತು," ಎಂದರು ಪಕ್ಕದ ಮೇಜಿನ ಡಾಕ್ಟರಮ್ಮ. "ಏನ್ ಮಾಡಿದ್ರಿ ನೀವು?"

"ಇದು ಅವ್ರು ಓದೋ ಹೊತ್ತು," ಎಂದ ವೇಳಾಪಟ್ಟಿಯವನು. "ಓದ್ತಾ ಯಾರಿಗೂ ಎದೆ ಹೀಗೆ ಬಡ್ಕೊಳಲ್ಲ. ಇದು ಸಿಟ್ಟೇ."

ಗಾಳಿಯಪ್ಪ ಅಳುಮೋರೆ ಮಾಡಿಕೊಂಡು ಎಲ್ಲ ಹೇಳಿದ. ಐದು ನಿಮಿಷದಲ್ಲಿ ಇಪ್ಪತ್ತು ಮೇಜಿಗೂ ಸುದ್ದಿ ಮುಟ್ಟಿತು. ಆದರೆ ಮನೆಯವರ ಕರೆಯ ಹೊತ್ತು ಬಿಟ್ಟರೆ ನೌಕೆಯವರ ಜೊತೆ ಮಾತಾಡುವ ಅಧಿಕಾರ ಒಬ್ಬನಿಗೇ, ಮಾತಿನ ಮೇಜಿನವನಿಗೆ. ಅವನ ಬಾಯಿ ತೆರೆಸಲು ನಿರ್ದೇಶಕರ ಅಪ್ಪಣೆ ಬೇಕು.

"ಅವಳ ಮನಸ್ಸು ಕೆಟ್ರೆ ನಾಳೆ ಕೆಲಸ ಕೆಡುತ್ತೆ. ಚಿಕ್ಕದಾಗಿ ಬರೆದು ಕೊಡಿ," ಎಂದರು ನಿರ್ದೇಶಕರು.

ಗಾಳಿಯಪ್ಪ ಬರೆದದ್ದನ್ನು ಡಾಕ್ಟರಮ್ಮ ತಿದ್ದಿದರು. ವೇಳಾಪಟ್ಟಿಯವನು ನಲವತ್ತು ಸೆಕೆಂಡು ಕೊಟ್ಟ. ಮಾತಿನವನು ಹವಾಮಾನ ವರದಿ ಓದುವವನ ಗತ್ತಿನಲ್ಲಿ ಓದಿದ: "ಅಪ್ಪನ ಕುರ್ಚಿ ಮುರಿದದ್ದು ನಾನೇ. ನಿನ್ನ ಸಿಟ್ಟು ನ್ಯಾಯವಾದದ್ದು. ಕ್ಷಮಿಸು. ಇಂತಿ, ಗಾಳಿ ಮೇಜು."

ಮೇಲಿನಿಂದ ಸಣ್ಣ ದನಿ: "ಅವರೊಬ್ರ ಹತ್ರ ಮಾತಾಡಬಹುದಾ?"

ನಿರ್ದೇಶಕರು ಬೇರೆ ಲೈನು ಕೊಡಿಸಿ, ತಮ್ಮ ಹೆಡ್‌ಸೆಟ್ ತೆಗೆದು ಮೇಜಿನ ಮೇಲಿಟ್ಟರು. ಒಬ್ಬೊಬ್ಬರಾಗಿ ಎಲ್ಲರೂ ತೆಗೆದರು. ಗಾಳಿಯಪ್ಪನ ಕಣ್ಣು ತುಂಬಿಬಂತು.

"ಸಿಟ್ಟಲ್ಲ ರೀ, ಭಯ," ಎಂದಳು ಹೆಂಡತಿ. "ಆ ಕಾಲು ಮುರಿದಿದ್ದು ನಾನು. ಹೊರಡೋ ಮುಂಚೆ ಬಲ್ಬ್ ಹಾಕೋಕೆ ಹತ್ತಿದ್ದೆ. ಅಂಟು ಹಚ್ಚಿ ನಿಲ್ಸಿ ಬಂದೆ. ಅಮ್ಮನ ಬಾಯಲ್ಲಿ ಕುರ್ಚಿ ಸುದ್ದಿ ಕೇಳಿ, ನೀವೂ ಅದನ್ನೇ ಕೇಳ್ತೀರೇನೋ ಅಂತ ಬೇಗ ಮಾತು ಮುಗಿಸ್ದೆ. ತಡೀಲಾರದೆ ಇಷ್ಟೊತ್ತೂ ವ್ಯಾಯಾಮದ ಸೈಕಲ್ ತುಳಿದೆ."

ಗಾಳಿಯಪ್ಪನಿಗೆ ಹೋದ ಜೀವ ಬಂದಂತಾಯಿತು. ಈ ಹೆಂಗಸಿನ ಮೇಲೆ ಅವನಿಗೆ ಎಲ್ಲಿಲ್ಲದ ಪ್ರೀತಿ ಉಕ್ಕಿತು. "ಹಾಗಾದ್ರೆ ಅತ್ತೆಗೆ ನೀನೇ ಹೇಳ್ತೀಯಲ್ಲ?"

"ಅಮ್ಮ ಮನೆಯವರ ಕೋಣೆಲಿ ಕೂತು, ನೀವು ಓದಿಸಿದ್ದನ್ನ ಸ್ಪೀಕರಲ್ಲಿ ಕೇಳಿಸ್ಕೊಂಡಾಗಿರುತ್ತೆ," ಎಂದಳು ಅವಳು ಮೆತ್ತಗೆ. "ನೀವು ಒಪ್ಕೊಂಡೂ ಆಯ್ತು. ಒಂದು ಕುರ್ಚಿಗೆ ಇಬ್ರು ಯಾಕ್ರೀ ಬೈಸ್ಕೋಬೇಕು?"